ಟೈಪ್ ಎರರ್ ಬಂತಾ? ಮೊದಲು ಬಾಣ ಎಣಿಸಿ: ಹೈಯರ್ ಆರ್ಡರ್ ಫಂಕ್ಷನ್ ಸಿಗ್ನೇಚರ್‌ಗಳ ದೋಷ ನಿವಾರಣೆ

ಹ್ಯಾಸ್ಕೆಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯೋಕೆ ಶುರು ಮಾಡಿ ಎರಡ್ಮೂರು ತಿಂಗಳಾಗಿತ್ತು ಅಷ್ಟೇ. ಒಂದು ಪಟ್ಟಿಯಲ್ಲಿ ಮಿತಿ ದಾಟಿದ ನಂಬರ್ ಎಷ್ಟಿವೆ ಅಂತ ಎಣಿಸೋ ಪುಟಾಣಿ ಕೋಡ್, ಎರಡೇ ಸಾಲು:

ದಾಟಿದವು ಮಿತಿ = ಫಿಲ್ಟರ್ (> ಮಿತಿ)
ಎಷ್ಟು = ಲೆಂತ್ (ದಾಟಿದವು ಕನಿಷ್ಠ)

ಕಂಪೈಲರ್ ಹೇಳಿದ್ದು "ನೋ ಇನ್‌ಸ್ಟನ್ಸ್ ಫಾರ್ ಫೋಲ್ಡಬಲ್ ((->) [ಇಂಟ್])" ಅಂತ. ಫೋಲ್ಡಬಲ್ ಅಂದ್ರೆ ಪಟ್ಟಿ ಥರ ಒಳಗಿರೋದನ್ನ ಒಂದೊಂದಾಗಿ ತೆಗೆದು ಲೆಕ್ಕ ಹಾಕೋಕೆ ಬರೋ ಟೈಪ್‌ಗಳ ಗುಂಪು, ಒಂದು ಟೈಪನ್ನ ಆ ಗುಂಪಿಗೆ ಸೇರಿಸೋ ಕೋಡೇ ಇನ್‌ಸ್ಟನ್ಸ್. ಓಹೋ, ಯಾವುದಕ್ಕೋ ಫೋಲ್ಡಬಲ್ ಇನ್‌ಸ್ಟನ್ಸ್ ಬರೀಬೇಕಂತೆ ಅಂದ್ಕೊಂಡು ಒಂದು ಇಡೀ ಸಂಜೆ ಫಂಕ್ಷನ್‌ಗೆ ಫೋಲ್ಡಬಲ್ ಇನ್‌ಸ್ಟನ್ಸ್ ಬರೆಯೋದು ಹೇಗೆ ಅಂತ ಹುಡುಕ್ತಾ ಕೂತೆ. ನಿಜವಾದ ತಪ್ಪು ಏನು ಅಂದ್ರೆ, ಪಟ್ಟಿ ಕೊಡೋದೇ ಮರೆತಿದ್ದೆ. ಅಷ್ಟೇ. ಪಟ್ಟಿ ಕೊಡದೇ ಇದ್ದಿದ್ರಿಂದ "ದಾಟಿದವು ಕನಿಷ್ಠ" ಅನ್ನೋದು ಪಟ್ಟಿ ಆಗಿರ್ಲಿಲ್ಲ, ಪಟ್ಟಿಗೋಸ್ಕರ ಕಾಯ್ತಾ ಇರೋ ಫಂಕ್ಷನ್ ಆಗಿತ್ತು, ನಾನು ಅದರ ಉದ್ದ ಕೇಳ್ತಿದ್ದೆ.

ಆಮೇಲಿಂದ ಈ ಜಾತಿ ಎರರ್‌ಗಳನ್ನ ಒಂಥರಾ ರೋಗಲಕ್ಷಣದ ಹಾಗೆ ಗುರುತು ಮಾಡ್ಕೊಳ್ಳೋಕೆ ಶುರು ಮಾಡಿದೆ. ಹತ್ತರಲ್ಲಿ ಎಂಟು ಸಲ ಗಲಾಟೆ ಬಾಣದ (ಟೈಪ್‌ಗಳ ನಡುವೆ ಬರೋ ಚಿಹ್ನೆ) ಲೆಕ್ಕದಲ್ಲೇ ಇರುತ್ತೆ, ಅದೂ ಕಣ್ಣಿಗೆ ಕಾಣೋ ಬಾಣ ಅಲ್ಲ, ಯಾವುದೋ ಟೈಪ್ ವೇರಿಯಬಲ್ (ಯಾವ ಟೈಪ್ ಬೇಕಾದ್ರೂ ಬಂದು ಕೂರೋ ಖಾಲಿ ಹೆಸರು) ಒಳಗೆ ಸದ್ದಿಲ್ಲದೆ ಹೋಗಿ ಕೂತಿರೋ ಬಾಣ. ಅದನ್ನ ಹಿಡಿಯೋದು ಹೇಗೆ ಅಂತ ಬರೀತಿದ್ದೀನಿ. ಕೋಡ್ ಎಲ್ಲಾ ಕನ್ನಡ ಅಕ್ಷರದಲ್ಲೇ ಇದೆ, ಓಡಿಸಿ ನೋಡೋರು ಇಂಗ್ಲಿಷಲ್ಲಿ ಟೈಪ್ ಮಾಡ್ಕೊಳ್ಳಿ, ಸಿಗ್ನೇಚರ್‌ಗೆ (ಫಂಕ್ಷನ್ ಯಾವ ಟೈಪ್ ತಗೊಂಡು ಯಾವ ಟೈಪ್ ಕೊಡುತ್ತೆ ಅಂತ ಹೇಳೋ ಸಾಲು) ನಾನು ಒಂದೇ ಕೋಲನ್ ಹಾಕಿದ್ದೀನಿ, ಹ್ಯಾಸ್ಕೆಲ್‌ನಲ್ಲಿ ಎರಡು ಬೇಕು.

ಮೊದಲು ಸಿಗ್ನೇಚರ್ ಓದೋದು

ಇದು ಗೊತ್ತಿದೆ ಅಂತ ಹಾರಿಸ್ಬೇಡಿ, ನಾನೂ ಹಾಗೇ ಹಾರಿಸಿ ಹಾಳಾಗಿದ್ದು. ಈ ಎರಡನ್ನ ನೋಡಿ:

ಎ -> ಬಿ -> ಸಿ
(ಎ -> ಬಿ) -> ಸಿ

ಮೇಲಿನದ್ದು "ಎ ಕೊಡು, ಆಮೇಲೆ ಬಿ ಕೊಡು, ಸಿ ಕೊಡ್ತೀನಿ". ಕೆಳಗಿನದ್ದು "ಎ ಇಂದ ಬಿ ಮಾಡೋ ಒಂದು ಫಂಕ್ಷನ್ ಕೊಡು, ಸಿ ಕೊಡ್ತೀನಿ". ಕೆಳಗಿನದ್ದರಲ್ಲಿ ನೀವು ಎ ಕೊಡ್ತಾನೇ ಇಲ್ಲ, ಬಿ ಕೂಡ ಕೊಡ್ತಿಲ್ಲ, ಬರೀ ಯಂತ್ರ ಕೊಡ್ತಿದ್ದೀರ, ಆ ಯಂತ್ರಕ್ಕೆ ಎ ಹಾಕೋದು ಒಳಗಿರೋನ ಕೆಲಸ.

ಬಾಣ ಬಲಗಡೆಗೆ ಗುಂಪಾಗುತ್ತೆ, ಅಂದ್ರೆ ಎ -> ಬಿ -> ಸಿ ಅಂದ್ರೂ ಎ -> (ಬಿ -> ಸಿ) ಅಂದ್ರೂ ಒಂದೇ. ಹಾಗಾಗಿ ಬಲಗಡೆ ಬ್ರ್ಯಾಕೆಟ್ ಇದ್ರೂ ಇಲ್ದಿದ್ರೂ ಏನೂ ವ್ಯತ್ಯಾಸ ಇಲ್ಲ, ಎಡಗಡೆ ಬ್ರ್ಯಾಕೆಟ್ ಇದ್ರೆ ಮಾತ್ರ ಅರ್ಥ ಪೂರ್ತಿ ಬದಲಾಗುತ್ತೆ. ಇನ್ನೊಂದು ಮಾತು, ಇಲ್ಲಿ ನಿಜವಾಗಿ ಎರಡು ಆರ್ಗ್ಯುಮೆಂಟ್ ತಗೊಳ್ಳೋ ಫಂಕ್ಷನ್ ಅನ್ನೋದೇ ಇಲ್ಲ. ಎಲ್ಲಾನೂ ಒಂದೊಂದೇ ತಗೊಂಡು ಉಳಿದಿದ್ದಕ್ಕೆ ಕಾಯೋ ಇನ್ನೊಂದು ಫಂಕ್ಷನ್ ವಾಪಸ್ ಕೊಡ್ತವೆ. ಇದಕ್ಕೆ ಕರೀಯಿಂಗ್ ಅಂತಾರೆ, ಹ್ಯಾಸ್ಕೆಲ್ ಕರಿ ಅನ್ನೋ ತರ್ಕಶಾಸ್ತ್ರಜ್ಞರ ಹೆಸರಿಂದ ಬಂದಿದ್ದು (ಭಾಷೆಗೂ ಅವರದ್ದೇ ಹೆಸರು), ಆದ್ರೆ ಈ ಐಡಿಯಾ ಅವರಿಗಿಂತ ಮುಂಚೆ 1924ರಲ್ಲೇ ಮೋಸೆಸ್ ಶೋನ್‌ಫಿಂಕೆಲ್ ಪ್ರಕಟಿಸಿದ ಪೇಪರ್‌ನಲ್ಲಿ ಇತ್ತು. ಶೋನ್‌ಫಿಂಕೆಲಿಂಗ್ ಅಂತ ಹೆಸರಿಟ್ಟಿದ್ರೆ ಹೇಳೋಕೇ ನಾಲಿಗೆ ಹೊರಳ್ತಿರ್ಲಿಲ್ಲ ಬಿಡಿ.

ಈಗ ಮ್ಯಾಪ್, ಪಟ್ಟಿಯ ಪ್ರತೀ ಐಟಂ ಮೇಲೂ ಒಂದು ಫಂಕ್ಷನ್ ಓಡಿಸೋದು (ಹೀಗೆ ಫಂಕ್ಷನ್ನನ್ನೇ ತಗೊಳ್ಳೋ ಫಂಕ್ಷನ್‌ಗೇ ಹೈಯರ್ ಆರ್ಡರ್ ಅನ್ನೋದು):

ಮ್ಯಾಪ್ : (ಎ -> ಬಿ) -> [ಎ] -> [ಬಿ]

ಬ್ರ್ಯಾಕೆಟ್ ಬಿಟ್ಟು ಹೊರಗಿರೋ ಬಾಣ ಎಣಿಸಿದ್ರೆ ಎರಡು, ಅಂದ್ರೆ ಎರಡು ಕೊಟ್ರೆ ಉತ್ತರ. ಮೊದಲನೇದು ಫಂಕ್ಷನ್, ಎರಡನೇದು ಪಟ್ಟಿ. ಇಲ್ಲಿವರೆಗೂ ಎಲ್ಲರಿಗೂ ಗೊತ್ತಿರೋದೇ. ಎಲ್ಲರೂ ಎಡವೋದು ಮುಂದಿನದ್ದರಲ್ಲಿ: ಎ, ಬಿ ಅನ್ನೋವು ಖಾಲಿ ಡಬ್ಬಿಗಳು, ಅದರೊಳಗೆ ಇಂಟ್ ಬರಬಹುದು, ಸ್ಟ್ರಿಂಗ್ ಬರಬಹುದು, ಹಾಗೇ ಒಂದು ಇಡೀ ಫಂಕ್ಷನ್ ಟೈಪ್ ಕೂಡ ಬಂದು ಕೂರಬಹುದು. ಯಾರೂ ಬೇಡ ಅನ್ನಲ್ಲ. ಕಂಪೈಲರ್ ಅಂತೂ ತುಂಬಾ ಖುಷಿಯಿಂದ ಕೂರಿಸುತ್ತೆ.

ಲಕ್ಷಣ: ಫಂಕ್ಷನ್‌ಗೆ ಶೋ ಇಲ್ಲ ಅಂತಿದೆ

ಅದಕ್ಕೆ ಸರಿಯಾದ ಸ್ಯಾಂಪಲ್ ಇದು:

ಪಟ್ಟಿ2 = ಮ್ಯಾಪ್ (+) [1, 2, 3]
ಪ್ರಿಂಟ್ ಪಟ್ಟಿ2

ಮೊದಲನೇ ಸಾಲು ಎರರ್ ಕೊಡಲ್ಲ. ಕೂಡೋ ಚಿಹ್ನೆಯ ಟೈಪು ಇಂಟ್ -> ಇಂಟ್ -> ಇಂಟ್ ಅಂತ ಇಟ್ಕೊಳ್ಳಿ. ಮ್ಯಾಪ್ ಕೇಳ್ತಿರೋದು ಎ -> ಬಿ. ಕಂಪೈಲರ್ ಮೊದಲನೇ ಬಾಣದ ಹತ್ತಿರ ಕತ್ತರಿಸುತ್ತೆ: ಎ ಅಂದ್ರೆ ಇಂಟ್, ಮಿಕ್ಕಿದ್ದೆಲ್ಲಾ ಬಿ, ಅಂದ್ರೆ ಬಿ = ಇಂಟ್ -> ಇಂಟ್. ಬಾಣ ಬಿ ಒಳಗೆ ಹೋಗಿ ಕೂತ್ಕೊಂಡಾಯ್ತು. ಉತ್ತರ [ಬಿ], ಅಂದ್ರೆ ಫಂಕ್ಷನ್‌ಗಳ ಪಟ್ಟಿ: ಒಂದು ಕೂಡೋದು, ಎರಡು ಕೂಡೋದು, ಮೂರು ಕೂಡೋದು. ತಪ್ಪೇನಿಲ್ಲ, ಎಷ್ಟೋ ಸಲ ಅದೇ ಬೇಕಾಗಿರುತ್ತೆ. ಆದ್ರೆ ಪ್ರಿಂಟ್ ಮಾಡೋಕೆ ಹೋದಾಗ ಫಂಕ್ಷನ್‌ನ ಅಕ್ಷರದಲ್ಲಿ ತೋರಿಸೋದು (ಶೋ ಅಂದ್ರೆ ಇದೇ) ಹೇಗೆ ಅಂತ ಗೊತ್ತಿಲ್ಲ ಅಂತ ಕೂಗುತ್ತೆ. ಜಿಎಚ್‌ಸಿ (ಹ್ಯಾಸ್ಕೆಲ್‌ನ ಕಂಪೈಲರ್) ಇಲ್ಲಿ ಒಳ್ಳೇ ಬುದ್ಧಿ ಹೇಳುತ್ತೆ, ಫಂಕ್ಷನ್‌ಗೆ ಸಾಕಷ್ಟು ಆರ್ಗ್ಯುಮೆಂಟ್ ಕೊಟ್ಟಿಲ್ವೇನೋ ಅಂತ ಆ ಮೆಸೇಜಿನ ಪಕ್ಕದಲ್ಲೇ ಬರೆದಿರುತ್ತೆ. ನಾವು ಕೆಂಪಕ್ಷರ ನೋಡಿದ ತಕ್ಷಣ ಗಾಬರಿಯಾಗಿ ಅದನ್ನ ಓದಲ್ಲ.

ಪರಿಹಾರ: ಎರರ್ ಬಂದ ಪ್ರಿಂಟ್ ಸಾಲನ್ನ ಮುಟ್ಟಬೇಡಿ. ಅದಕ್ಕೆ ಹೋಗ್ತಿರೋ ವ್ಯಾಲ್ಯೂ ಎಲ್ಲಿ ಹುಟ್ಟಿದ್ದು ಅಂತ ಹಿಂದೆ ಹೋಗಿ, ಅಲ್ಲಿ ಒಂದು ಆರ್ಗ್ಯುಮೆಂಟ್ ಕಮ್ಮಿ ಇರುತ್ತೆ.

ಈಗ ನನ್ನ ಫೋಲ್ಡಬಲ್ ಎರರ್‌ಗೆ ವಾಪಸ್ ಬರೋಣ, ಯಾಕಂದ್ರೆ ಅದೂ ಇದೇ ರೋಗ, ವೇಷ ಬೇರೆ. ಹಿಂದೆ ಲೆಂತ್ ಅನ್ನೋದು ಪಟ್ಟಿಗೆ ಮಾತ್ರ ಇತ್ತು, [ಎ] -> ಇಂಟ್. 2015ರಲ್ಲಿ ಬಂದ ಜಿಎಚ್‌ಸಿ 7.10ರಿಂದ ಅದನ್ನ ಎಲ್ಲಾ ಫೋಲ್ಡಬಲ್‌ಗಳಿಗೂ ಹಿಗ್ಗಿಸಿದ್ರು:

ಲೆಂತ್ : ಫೋಲ್ಡಬಲ್ ಟಿ => ಟಿ ಎ -> ಇಂಟ್

ಈ "ಟಿ ಎ" ಅನ್ನೋದೇ ಕಿತಾಪತಿ. ನಾನು ಕೊಟ್ಟಿದ್ದು [ಇಂಟ್] -> [ಇಂಟ್] ಟೈಪಿನ ಫಂಕ್ಷನ್. ಬಾಣಾನೂ ಒಂದು ಟೈಪ್ ಕನ್‌ಸ್ಟ್ರಕ್ಟರೇ, ಅದನ್ನ ಮುಂದಕ್ಕೆ ತಂದು ಬರೆದ್ರೆ (->) [ಇಂಟ್] [ಇಂಟ್] ಆಗುತ್ತೆ. ಈಗ "ಟಿ ಎ" ಜೊತೆ ಪಕ್ಕ ಪಕ್ಕ ಇಟ್ಟು ನೋಡಿ: ಟಿ = (->) [ಇಂಟ್], ಎ = [ಇಂಟ್]. ಕರೆಕ್ಟಾಗಿ ಹೊಂದ್ಕೊಂಡು ಬಿಡ್ತು! ಹಾಗಾಗಿ "ಪಟ್ಟಿ ಬೇಕಿತ್ತು, ಫಂಕ್ಷನ್ ಕೊಟ್ಟಿದ್ದೀಯ" ಅಂತ ನೇರವಾಗಿ ಹೇಳೋ ಅವಕಾಶನೇ ಕಂಪೈಲರ್‌ಗೆ ಸಿಗಲಿಲ್ಲ, ಹೊಂದಾಣಿಕೆ ಆದ್ಮೇಲೆ ಫೋಲ್ಡಬಲ್ ಇದ್ಯಾ ಅಂತ ಹುಡುಕಿ, ಇಲ್ಲ ಅಂತು. ಎರರ್‌ನಲ್ಲಿ ((->) ಏನೋ) ಅಂತ ಬ್ರ್ಯಾಕೆಟ್ಟಿನಲ್ಲಿ ಬಾಣ ಕಂಡ್ರೆ ಇನ್‌ಸ್ಟನ್ಸ್ ಬರೆಯೋಕೆ ಕೂರಬೇಡಿ, ನನ್ನ ಹಾಗೆ ಒಂದು ಸಂಜೆ ಕಳ್ಕೊಳ್ತೀರ. ಎಲ್ಲೋ ಒಂದು ಫಂಕ್ಷನ್ ಅರ್ಧಂಬರ್ಧ ನಿಂತಿದೆ, ಅದನ್ನ ಹುಡುಕಿ.

ಎರರ್ ತೋರಿಸೋ ಸಾಲನ್ನ ನಂಬೋದು ಎಷ್ಟು?

ಅರ್ಧ. ಕಂಪೈಲರ್ ಒಳಗೆ ನಡೆಯೋದು ಏನಂದ್ರೆ, ನೀವು ಬರೆದಿದ್ದನ್ನೆಲ್ಲಾ ಸಮೀಕರಣ ಮಾಡಿ, ಈ ಎ ಅಂದ್ರೆ ಆ ಇಂಟ್, ಈ ಬಿ ಅಂದ್ರೆ ಆ ಪಟ್ಟಿ ಅಂತ ಒಂದೊಂದೇ ಬಿಡಿಸ್ತಾ ಹೋಗುತ್ತೆ. ಇದಕ್ಕೆ ಯೂನಿಫಿಕೇಶನ್ ಅಂತಾರೆ, ಅದರ ಅಲ್ಗಾರಿದಮ್ ಕೊಟ್ಟಿದ್ದು ಜಾನ್ ಅಲನ್ ರಾಬಿನ್ಸನ್ 1965ರಲ್ಲಿ, ಅದನ್ನ ಬಳಸಿ ಪ್ರೋಗ್ರಾಂಗೆ ಟೈಪ್ ತಾನಾಗೇ ಕಂಡುಹಿಡಿಯೋ ರೀತಿಯನ್ನ ರಾಬಿನ್ ಮಿಲ್ನರ್ 1978ರಲ್ಲಿ ಬರೆದ್ರು, ಹಿಂಡ್ಲಿ 1969ರಲ್ಲೇ ತರ್ಕಶಾಸ್ತ್ರದ ಕಡೆಯಿಂದ ಅದೇ ಜಾಗಕ್ಕೆ ಬಂದಿದ್ರು, ಅದಕ್ಕೇ ಹಿಂಡ್ಲಿ ಮಿಲ್ನರ್ ಅಂತ ಜೋಡಿ ಹೆಸರು. ಸಮೀಕರಣ ಬಿಡಿಸ್ತಾ ಹೋಗಿ ಎಲ್ಲಿ ಎರಡು ಹೇಳಿಕೆ ಡಿಕ್ಕಿ ಹೊಡೀತೋ ಅಲ್ಲಿ ನಿಂತು ಕೂಗುತ್ತೆ. ಎರಡರಲ್ಲಿ ಸುಳ್ಳು ಹೇಳಿದ್ದು ಯಾವುದು ಅಂತ ಅದಕ್ಕೆ ಗೊತ್ತಿಲ್ಲ. ಸಾಲು ನಂಬರ್ ಅಂದ್ರೆ ಡಿಕ್ಕಿ ಆದ ಜಾಗ, ತಪ್ಪು ಮಾಡಿದೋನ ಮನೆ ಅಡ್ರೆಸ್ ಅಲ್ಲ.

ಅದಕ್ಕೇ ಎರರ್ ಬಂದಾಗ ನಾನು ಮಾಡೋ ಮೊದಲ ಕೆಲಸ, ಸಿಗ್ನೇಚರ್ ಇಲ್ಲದ ಹೆಲ್ಪರ್‌ಗಳಿಗೆಲ್ಲಾ ಸಿಗ್ನೇಚರ್ ಬರೆಯೋದು, ಅದೂ ಕಂಪೈಲರ್‌ನ ಕೇಳದೆ, ನನ್ನ ತಲೆಯಲ್ಲಿ ಏನಿದೆಯೋ ಅದನ್ನ. ನನ್ನ ಆ ಎರಡು ಸಾಲಲ್ಲಿ "ದಾಟಿದವು : ಇಂಟ್ -> [ಇಂಟ್]" ಅಂತ ಬರೆದಿದ್ದಿದ್ರೆ ಎರರ್ ತಕ್ಷಣ ಆ ಸಾಲಿಗೇ ಬರ್ತಿತ್ತು, "ಬೇಕಿರೋದು [ಇಂಟ್], ಇರೋದು [ಇಂಟ್] -> [ಇಂಟ್]" ಅಂತ ಸಾಫಾಗಿ. ಸಿಗ್ನೇಚರ್ ಅಂದ್ರೆ ಬೇಲಿ ಇದ್ದ ಹಾಗೆ, ತಪ್ಪು ಪಕ್ಕದ ಹೊಲಕ್ಕೆ ಹೋಗಲ್ಲ. ಆಮೇಲೆ ಜಿಎಚ್‌ಸಿಐ (ಒಂದೊಂದೇ ಸಾಲು ಬರೆದು ತಕ್ಷಣ ಉತ್ತರ ನೋಡೋ ಜಾಗ) ತೆಗೆದು ಕೋಲನ್ ಟಿ (ಟೈಪ್ ಏನು ಅಂತ ಕೇಳೋ ಕಮಾಂಡ್) ಹಾಕಿ ತುಂಡು ತುಂಡಾಗಿ ಕೇಳೋದು. ಪೂರ್ತಿ ಸಾಲು ಕೇಳ್ಬೇಡಿ, ಒಳಗಿನ ಬ್ರ್ಯಾಕೆಟ್ಟಿಂದ ಶುರು ಮಾಡಿ ಒಂದೊಂದೇ ಹೊರಗೆ ಬನ್ನಿ, ನೀವು ಅಂದ್ಕೊಂಡಿದ್ದಕ್ಕೂ ಅದು ಹೇಳಿದ್ದಕ್ಕೂ ಮೊದಲ ಸಲ ಎಲ್ಲಿ ವ್ಯತ್ಯಾಸ ಬಂತೋ ಅದೇ ಜಾಗ.

ಲಕ್ಷಣ: ಎಕ್ಸ್‌ಪೆಕ್ಟೆಡ್ ಒಂದು, ಆಕ್ಚುಯಲ್ ಇನ್ನೊಂದು

ಎಕ್ಸ್‌ಪೆಕ್ಟೆಡ್ ಅಂದ್ರೆ ಸುತ್ತಮುತ್ತಲಿನ ಕೋಡ್ ಆ ಜಾಗದಲ್ಲಿ ಕೇಳ್ತಿರೋದು. ಆಕ್ಚುಯಲ್ ಅಂದ್ರೆ ನೀವು ಅಲ್ಲಿ ಇಟ್ಟಿರೋದು. ಇದನ್ನ ಉಲ್ಟಾ ಓದಿ ಅರ್ಧ ದಿನ ತಲೆ ಕೆಡಿಸ್ಕೊಂಡೋರು ತುಂಬಾ ಜನ ಇದ್ದಾರೆ. ಟೈಪಿನ ಹೆಸರುಗಳನ್ನ ಆಮೇಲೆ ನೋಡಿ, ಮೊದಲು ಬಾಣ ಯಾವ ಕಡೆ ಜಾಸ್ತಿ ಇದೆ ನೋಡಿ.

ಆಕ್ಚುಯಲ್ ಕಡೆ ಜಾಸ್ತಿ ಇದ್ರೆ, ನೀವು ಆರ್ಗ್ಯುಮೆಂಟ್ ಕಮ್ಮಿ ಕೊಟ್ಟಿದ್ದೀರ. ಎಕ್ಸ್‌ಪೆಕ್ಟೆಡ್ ಕಡೆ ಜಾಸ್ತಿ ಇದ್ರೆ, ಫಂಕ್ಷನ್ ಕೊಡಿ ಅಂದ ಜಾಗದಲ್ಲಿ ನೀವು ಅದನ್ನ ಓಡಿಸಿ ಬಂದ ಉತ್ತರ ಕೊಟ್ಟಿದ್ದೀರ. ಈ ಎರಡನೇದು ಹೊಸಬರಲ್ಲಿ ಜಾಸ್ತಿ:

ಮ್ಯಾಪ್ (ಲೆಂತ್ ಪದ) ಪದಗಳು

ಮ್ಯಾಪ್ ಕೇಳಿದ್ದು ಎ -> ಬಿ, ನೀವು ಕೊಟ್ಟಿದ್ದು ಇಂಟ್. ಬೇರೆ ಭಾಷೆಗಳಲ್ಲಿ ಲೂಪ್ ಬರೆದು ಬರೆದು "ಪ್ರತೀ ಪದಕ್ಕೂ ಲೆಂತ್ ಆಫ್ ಪದ" ಅಂತ ಕೈ ತಾನಾಗೇ ಬರೆದುಬಿಡುತ್ತೆ. ಬರೀ ಲೆಂತ್ ಸಾಕು, ಪದ ಕೊಡೋದು ಮ್ಯಾಪ್ ಕೆಲಸ. ಇಲ್ಲೂ ಜಿಎಚ್‌ಸಿ ಸುಳಿವು ಕೊಡುತ್ತೆ, ಕಮ್ಮಿ ಕೊಟ್ರೆ "ಟೂ ಫ್ಯೂ ಆರ್ಗ್ಯುಮೆಂಟ್ಸ್", ಜಾಸ್ತಿ ಕೊಟ್ರೆ "ಟೂ ಮೆನಿ ಆರ್ಗ್ಯುಮೆಂಟ್ಸ್" ಅಂತ.

ಎರಡೂ ಕಡೆ ಬಾಣ ಸಮ ಇದ್ರೆ? ಆಗ ಇದು ಬೇರೆ ಸಮಸ್ಯೆ, ಆರ್ಗ್ಯುಮೆಂಟ್‌ಗಳು ಅದಲು ಬದಲಾಗಿರಬಹುದು, ಅಥವಾ ನಿಜವಾಗ್ಲೂ ಸ್ಟ್ರಿಂಗ್ ಜಾಗದಲ್ಲಿ ಇಂಟ್ ಇಟ್ಟಿರ್ತೀರ. ಅದು ಸುಲಭ.

"ಮ್ಯಾಪ್‌ಗೆ ನಾಲ್ಕು ಆರ್ಗ್ಯುಮೆಂಟ್ ಕೊಟ್ಟಿದ್ದೀಯ, ಅದರ ಟೈಪಲ್ಲಿ ಇರೋದು ಎರಡೇ" ಅನ್ನೋ ಅರ್ಥದ ಮೆಸೇಜ್ ಬಂದ್ರೆ ಬ್ರ್ಯಾಕೆಟ್ ಬಿಟ್ಟಿದ್ದೀರ ಅಂತ. "ಮ್ಯಾಪ್ ಸ್ಕ್ವೇರ್ ಫಿಲ್ಟರ್ ಈವನ್ ಪಟ್ಟಿ" ಅಂತ ಬರೆದಿರ್ತೀರ, ಓದೋಕೆ ಸರಿಯಾಗೇ ಕೇಳಿಸುತ್ತೆ, ಆದ್ರೆ ಕಂಪೈಲರ್ ಕಣ್ಣಿಗೆ ಮ್ಯಾಪ್ ಮುಂದೆ ಕ್ಯೂ ನಿಂತಿರೋ ನಾಲ್ಕು ಜನ ಅಷ್ಟೇ.

ಲಕ್ಷಣ: ಚುಕ್ಕೆ ಹಾಕಿ ಜೋಡಿಸಿದ ತಕ್ಷಣ ಕೈ ಕೊಡ್ತು

ಎರಡು ಫಂಕ್ಷನ್ ಸೇರಿಸೋ ಚುಕ್ಕೆ ಇದ್ಯಲ್ಲ, ಕಂಪೊಸಿಷನ್, ಜಾಸ್ತಿ ಜನ ಸಿಕ್ಕಿ ಬೀಳೋದು ಇಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ಕೂರೋಣ.

(.) : (ಬಿ -> ಸಿ) -> (ಎ -> ಬಿ) -> ಎ -> ಸಿ

ಎಡಗಡೆಯದ್ದು ಆಮೇಲೆ ಓಡುತ್ತೆ, ಬಲಗಡೆಯದ್ದು ಮೊದಲು. ನಡುವೆ ಕೈ ಬದಲಾಯಿಸೋ ವಸ್ತು ಬಿ. ಡಿಕ್ಕಿ ಆದ್ರೆ ಹೆಚ್ಚಾಗಿ ಈ ಬಿ ಹತ್ರಾನೇ ಆಗೋದು: ಬಲಗಡೆಯೋನು ಬಿ ಅಂದ್ರೆ ಒಂದು ಅಂತಾನೆ, ಎಡಗಡೆಯೋನು ಇನ್ನೊಂದು ಅಂತಾನೆ.

ಕೈಯಲ್ಲೇ ಬಿಡಿಸಿ ನೋಡೋಣ, ಪೇಪರ್ ಇದ್ರೆ ತಗೊಳ್ಳಿ:

ಸಮ್ . ಜಿಪ್‌ವಿತ್ (*)

ಎರಡು ಪಟ್ಟಿಗಳನ್ನ ಒಂದೊಂದಾಗಿ ಗುಣಿಸಿ ಆಮೇಲೆ ಕೂಡೋದು, ಅಂತ ನಮ್ಮ ಉದ್ದೇಶ. ಜಿಪ್‌ವಿತ್ ಟೈಪು (ಎ -> ಬಿ -> ಸಿ) -> [ಎ] -> [ಬಿ] -> [ಸಿ]. ಗುಣಾಕಾರ ಕೊಟ್ಟಾಯ್ತು, ಎಲ್ಲಾ ಇಂಟ್ ಅಂತ ಇಟ್ಕೊಂಡ್ರೆ ಉಳಿಯೋದು [ಇಂಟ್] -> [ಇಂಟ್] -> [ಇಂಟ್]. ಚುಕ್ಕೆ ಕೇಳ್ತಿರೋದು ಎ -> ಬಿ. ಮೊದಲ ಬಾಣಕ್ಕೆ ಕತ್ತರಿಸಿ. ಚುಕ್ಕೆಯ ಎ = [ಇಂಟ್], ಚುಕ್ಕೆಯ ಬಿ = [ಇಂಟ್] -> [ಇಂಟ್]. ನೋಡಿ, ಬಾಣ ಮತ್ತೆ ಬಿ ಒಳಗೆ ಹೋಗಿ ಕೂತ್ಕೊಳ್ತು! ಸಮ್‌ಗೆ ಪಟ್ಟಿ ಬೇಕು, ಸಿಗ್ತಿರೋದು ಇನ್ನೂ ಒಂದು ಪಟ್ಟಿಗೆ ಕಾಯ್ತಾ ಇರೋ ಫಂಕ್ಷನ್. ಸಮ್ ಕೂಡ ಫೋಲ್ಡಬಲ್ ಆಗಿರೋದ್ರಿಂದ ಮತ್ತೆ ಅದೇ ((->) [ಇಂಟ್]) ಅನ್ನೋ ಮೆಸೇಜು.

ವಿಷಯ ಇಷ್ಟೇ, ಚುಕ್ಕೆ ಅನ್ನೋದು ಬಲಗಡೆಯ ಫಂಕ್ಷನ್‌ಗೆ ಒಂದೇ ಒಂದು ಆರ್ಗ್ಯುಮೆಂಟ್ ಕೊಟ್ಟು ಬಂದಿದ್ದನ್ನ ಎಡಗಡೆಗೆ ದಾಟಿಸುತ್ತೆ. ಎರಡು ಬೇಕಾಗಿದ್ರೆ ಅದಕ್ಕೆ ಗೊತ್ತಾಗಲ್ಲ. ಸರಿ ಮಾಡೋಕೆ ಹೆಸರು ಕೊಟ್ಟು ಬರೆಯಿರಿ:

ಗುಣಿಸಿಕೂಡು ಎಕ್ಸ್ ವೈ = ಸಮ್ (ಜಿಪ್‌ವಿತ್ (*) ಎಕ್ಸ್ ವೈ)

ಇದನ್ನೇ (ಸಮ್ .) . ಜಿಪ್‌ವಿತ್ (*) ಅಂತಲೂ ಬರೆಯಬಹುದು, ಟೈಪ್ ಸರಿಯಾಗೇ ಬರುತ್ತೆ, ಆದ್ರೆ ಆರು ತಿಂಗಳಾದ್ಮೇಲೆ ಅದನ್ನ ಓದೋನು ನೀವೇ ಆಗಿರ್ತೀರ ಅನ್ನೋದು ನೆನಪಿರಲಿ. ಆರ್ಗ್ಯುಮೆಂಟ್ ಹೆಸರು ಬರೆಯದೇ ಕೋಡ್ ಬರೆಯೋದು ಜಾಣತನ ಅನ್ನೋ ಭ್ರಮೆ ನನಗೂ ಒಂದು ವರ್ಷ ಇತ್ತು.

ಚುಕ್ಕೆಯ ಇನ್ನೊಂದು ಕಾಟ:

ಲೆಂತ್ . ಫಿಲ್ಟರ್ ಈವನ್ ಪಟ್ಟಿ

ಫಂಕ್ಷನ್ ಪಕ್ಕ ಆರ್ಗ್ಯುಮೆಂಟ್ ಇಡೋದು ಎಲ್ಲಕ್ಕಿಂತ ಗಟ್ಟಿಯಾಗಿ ಅಂಟ್ಕೊಳ್ಳುತ್ತೆ, ಚುಕ್ಕೆಗಿಂತಲೂ. ಚುಕ್ಕೆಯ ಪ್ರಿಸಿಡೆನ್ಸ್ (ಯಾವುದು ಮೊದಲು ಅಂಟ್ಕೊಳ್ಳುತ್ತೆ ಅನ್ನೋ ಅಂಕ) 9, ಆಪರೇಟರ್‌ಗಳಲ್ಲಿ ಅದಕ್ಕಿಂತ ಮೇಲೆ ಇಲ್ಲ, ಆದ್ರೂ ಫಂಕ್ಷನ್ ಅಪ್ಲಿಕೇಶನ್ ಅದಕ್ಕೂ ಮೇಲೆ. ಹಾಗಾಗಿ "ಫಿಲ್ಟರ್ ಈವನ್ ಪಟ್ಟಿ" ಮೊದಲು ಒಂದು ಪಟ್ಟಿ ಆಗಿಬಿಡುತ್ತೆ, ಚುಕ್ಕೆಗೆ ಫಂಕ್ಷನ್ ಬೇಕಿತ್ತು. ಎಕ್ಸ್‌ಪೆಕ್ಟೆಡ್ ಕಡೆ ಬಾಣ, ಆಕ್ಚುಯಲ್ ಕಡೆ ಪಟ್ಟಿ, ಮೇಲೆ ಹೇಳಿದ ಎರಡನೇ ಜಾತಿ. (ಲೆಂತ್ . ಫಿಲ್ಟರ್ ಈವನ್) ಪಟ್ಟಿ ಅಂತ ಬ್ರ್ಯಾಕೆಟ್ ಹಾಕಿ, ಇಲ್ಲಾಂದ್ರೆ ಪಟ್ಟಿಗೆ ಮುಂಚೆ ಡಾಲರ್ ಚಿಹ್ನೆ ಹಾಕಿ, ಅದರ ಪ್ರಿಸಿಡೆನ್ಸ್ 0, ಎಲ್ಲಾ ಮುಗಿದ ಮೇಲೆ ಕೊನೆಗೆ ಬರುತ್ತೆ.

ಲಕ್ಷಣ: ಇನ್‌ಫೈನೈಟ್ ಟೈಪ್ ಅಂತೆ

"ಅಕರ್ಸ್ ಚೆಕ್: ಕೆನಾಟ್ ಕನ್‌ಸ್ಟ್ರಕ್ಟ್ ದಿ ಇನ್‌ಫೈನೈಟ್ ಟೈಪ್ ಬಿ ~ [ಬಿ]". ನೋಡೋಕೆ ಭಯಂಕರ, ಕಾರಣ ಸಾಮಾನ್ಯವಾಗಿ ತೀರಾ ಚಿಲ್ಲರೆ. ಬಿ ಅನ್ನೋದು ಬಿ ಗಳ ಪಟ್ಟಿಗೆ ಸಮ ಅಂತ ನೀವು ಹೇಳಿದ ಹಾಗಾಗಿದೆ, ಹಾಗಾದ್ರೆ ಅದು ಪಟ್ಟಿಯ ಪಟ್ಟಿಯ ಪಟ್ಟಿ ಅಂತ ಮುಗಿಯೋದೇ ಇಲ್ಲ, ಅದಕ್ಕೆ ಕೈ ಬಿಡುತ್ತೆ. ಒಂದು ಬಿಡಿ ವಸ್ತುವನ್ನೂ ಅದರ ಪಟ್ಟಿಯನ್ನೂ ಎಲ್ಲೋ ಕಲಸಿ ಹಾಕಿದ್ದೀರ ಅಂತ ಅರ್ಥ. ನನ್ನ ಅನುಭವದಲ್ಲಿ ಹೆಚ್ಚಾಗಿ ಫೋಲ್ಡ್‌ನಲ್ಲಿ (ಪಟ್ಟಿಯ ಐಟಂಗಳನ್ನ ಒಂದೊಂದೇ ಸೇರಿಸ್ತಾ ಒಂದು ಉತ್ತರಕ್ಕೆ ಇಳಿಸೋದು):

ಫೋಲ್ಡ್‌ಎಲ್ (\ಎಕ್ಸ್ ಕೂಡಿದ್ದು -> ಎಕ್ಸ್ : ಕೂಡಿದ್ದು) [] ಪಟ್ಟಿ

ಎರಡು ಫೋಲ್ಡ್‌ಗಳನ್ನ ಒಂದರ ಕೆಳಗೆ ಒಂದು ಇಡಿ:

ಫೋಲ್ಡ್‌ಆರ್ : (ಎ -> ಬಿ -> ಬಿ) -> ಬಿ -> [ಎ] -> ಬಿ
ಫೋಲ್ಡ್‌ಎಲ್ : (ಬಿ -> ಎ -> ಬಿ) -> ಬಿ -> [ಎ] -> ಬಿ

(ಇವೂ ಈಗ ಫೋಲ್ಡಬಲ್, ಪಟ್ಟಿ ಅಂತಲೇ ಓದ್ಕೊಳ್ಳಿ.) ಬಿ ಅನ್ನೋದು ಇಲ್ಲಿವರೆಗೆ ಕೂಡಿಟ್ಟಿದ್ದು, ಎ ಅನ್ನೋದು ಪಟ್ಟಿಯ ಒಂದು ಐಟಂ. ಫೋಲ್ಡ್‌ಆರ್‌ನಲ್ಲಿ ಕೂಡಿಟ್ಟಿದ್ದು ಬಲಕ್ಕೆ, ಫೋಲ್ಡ್‌ಎಲ್‌ನಲ್ಲಿ ಎಡಕ್ಕೆ, ಹೆಸರಲ್ಲೇ ಇದೆ. ಮೇಲಿನ ಕೋಡಲ್ಲಿ ನಾನು ಫೋಲ್ಡ್‌ಎಲ್ ಹಾಕಿ ಫೋಲ್ಡ್‌ಆರ್‌ನ ಕ್ರಮದಲ್ಲಿ ಹೆಸರಿಟ್ಟೆ. ಹಾಗಾಗಿ "ಎಕ್ಸ್" ಅಂತ ನಾನು ಕರೆದಿದ್ದು ನಿಜವಾಗಿ ಬಿ. ಎಕ್ಸ್ : ಕೂಡಿದ್ದು ಅಂತ (ಈ ಕೋಲನ್ ಸಿಗ್ನೇಚರ್‌ದಲ್ಲ, ಹ್ಯಾಸ್ಕೆಲ್‌ನಲ್ಲೂ ಒಂದೇ) ಪಟ್ಟಿಯ ತಲೆಗೆ ಸೇರಿಸಿದ್ರೆ ಬರೋದು [ಬಿ]. ಆದ್ರೆ ಲ್ಯಾಂಬ್ಡಾ (ಹೆಸರಿಲ್ಲದೆ ಅಲ್ಲೇ ಬರೆದ ಫಂಕ್ಷನ್) ವಾಪಸ್ ಕೊಡಬೇಕಾಗಿರೋದು ಬಿ. ಬಿ ~ [ಬಿ]. ಬಂತಲ್ಲ ಆ ಮೆಸೇಜ್. ಎರರ್‌ನಲ್ಲಿ ಬರೆದಿರೋದನ್ನ ಅಕ್ಷರ ಅಕ್ಷರ ಓದಿದ್ರೆ ಅದೇ ಕಥೆ ಹೇಳ್ತಿದೆ.

ಲಕ್ಷಣ: ಎರರೇ ಇಲ್ಲ, ಉತ್ತರ ಮಾತ್ರ ತಪ್ಪು

ಅತೀ ಕೆಟ್ಟ ಜಾತಿ ಇದು. ಮೇಲಿನ ಫೋಲ್ಡ್ ಎರರ್ ಕೊಟ್ಟಿದ್ದೇ ಪುಣ್ಯ, ಯಾಕಂದ್ರೆ ಎ ಮತ್ತು ಬಿ ಬೇರೆ ಬೇರೆ ಆಗಿದ್ವು. ಎರಡೂ ಇಂಟ್ ಆಗಿದ್ದಾಗ ಕಂಪೈಲರ್‌ಗೆ ವ್ಯತ್ಯಾಸನೇ ಕಾಣಲ್ಲ:

ಫೋಲ್ಡ್‌ಆರ್ (-) 0 [1, 2, 3] ಕೊಡೋದು 2
ಫೋಲ್ಡ್‌ಎಲ್ (-) 0 [1, 2, 3] ಕೊಡೋದು -6

ಮೊದಲನೇದು 1 - (2 - (3 - 0)), ಎರಡನೇದು ((0 - 1) - 2) - 3. ಕೂಡೋದ್ರಲ್ಲಿ ಟೆಸ್ಟ್ ಮಾಡಿದ್ರೆ ಎರಡೂ ಒಂದೇ ಉತ್ತರ ಕೊಟ್ಟು ಮೋಸ ಮಾಡ್ತವೆ, ಹಾಗಾಗಿ ಫೋಲ್ಡ್ ಪರೀಕ್ಷೆ ಮಾಡುವಾಗ ಕಳೆಯೋದನ್ನೇ ಬಳಸಿ. ಸಿಗ್ನೇಚರ್‌ನಲ್ಲಿ ಎ, ಬಿ ಅಂತ ಬೇರೆ ಬೇರೆ ಅಕ್ಷರ ಇದ್ದು ನಿಮ್ಮ ಕೋಡಲ್ಲಿ ಎರಡೂ ಒಂದೇ ಟೈಪ್ ಆಗಿದ್ರೆ ಅಲ್ಲಿ ಟೈಪ್ ಚೆಕರ್ ನಿಮ್ಮ ಕಾವಲಿಗೆ ಇಲ್ಲ ಅಂತ ತಿಳ್ಕೊಳ್ಳಿ.

ಇದು ಹ್ಯಾಸ್ಕೆಲ್‌ದು ಮಾತ್ರ ಅಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ["10", "10", "10"] ಅನ್ನೋ ಅರೇ ಮೇಲೆ ಮ್ಯಾಪ್ ಕರೆದು ಪಾರ್ಸ್‌ಇಂಟ್ (ಸ್ಟ್ರಿಂಗನ್ನ ನಂಬರ್ ಮಾಡೋ ಫಂಕ್ಷನ್) ಕೊಟ್ಟು ನೋಡಿ. ಬರೋದು 10, ನ್ಯಾನ್ (ನಂಬರ್ ಅಲ್ಲ ಅಂತ), 2. ಮೂರೂ ಒಂದೇ ಸ್ಟ್ರಿಂಗ್, ಮೂರು ಉತ್ತರ! ಯಾಕೆ ಅಂದ್ರೆ ಅಲ್ಲಿಯ ಮ್ಯಾಪ್ ತನಗೆ ಕೊಟ್ಟ ಫಂಕ್ಷನ್‌ಗೆ ಒಂದಲ್ಲ ಮೂರು ಆರ್ಗ್ಯುಮೆಂಟ್ ತುರುಕುತ್ತೆ, ಐಟಂ, ಅದರ ಇಂಡೆಕ್ಸ್, ಇಡೀ ಅರೇ. ಪಾರ್ಸ್‌ಇಂಟ್‌ಗೆ ಎರಡನೇ ಆರ್ಗ್ಯುಮೆಂಟ್ ಅಂದ್ರೆ ಯಾವ ಬೇಸ್ ಅಂತ. ಇಂಡೆಕ್ಸ್ 0 ಹೋದಾಗ ಬೇಸ್ ಹೇಳಿಲ್ಲ ಅಂದ್ಕೊಂಡು 10 ಕೊಡ್ತು, ಬೇಸ್ 1 ಅನ್ನೋದೇ ಇಲ್ಲ ಹಾಗಾಗಿ ನ್ಯಾನ್, ಬೇಸ್ 2ರಲ್ಲಿ "10" ಅಂದ್ರೆ ಎರಡು. ಜಾವಾಸ್ಕ್ರಿಪ್ಟ್‌ಗೆ ಟೈಪ್ ಸೇರಿಸಿರೋ ಟೈಪ್‌ಸ್ಕ್ರಿಪ್ಟ್ ಕೂಡ ಇದನ್ನ ಹಿಡಿಯಲ್ಲ, ಯಾಕಂದ್ರೆ ಇಂಡೆಕ್ಸೂ ನಂಬರ್, ಬೇಸೂ ನಂಬರ್, ಟೈಪ್ ಕಡೆಯಿಂದ ಯಾವ ಜಗಳಾನೂ ಇಲ್ಲ. ಫಂಕ್ಷನ್‌ನ ಬರೀ ಹೆಸರಲ್ಲಿ ಕೊಡೋ ಬದಲು ಒಂದೇ ಆರ್ಗ್ಯುಮೆಂಟ್ ತಗೊಳ್ಳೋ ಲ್ಯಾಂಬ್ಡಾದಲ್ಲಿ ಸುತ್ತಿ, ಒಳಗೆ ಬೇಸ್ 10 ಅಂತ ನೀವೇ ಹೇಳಿ.

ಲಕ್ಷಣ: ರಿಜಿಡ್ ಟೈಪ್ ವೇರಿಯಬಲ್

ಇದು ಬಂದ್ರೆ ತಪ್ಪು ಕೋಡಲ್ಲೂ ಇರಬಹುದು, ನಿಮ್ಮ ಸಿಗ್ನೇಚರ್‌ನಲ್ಲೂ ಇರಬಹುದು, ನಾನು ಮೊದಲು ಸಿಗ್ನೇಚರ್ ಮೇಲೇ ಅನುಮಾನ ಪಡ್ತೀನಿ.

ಎರಡುಸಲ : (ಎ -> ಬಿ) -> ಎ -> ಬಿ
ಎರಡುಸಲ ಎಫ್ ಎಕ್ಸ್ = ಎಫ್ (ಎಫ್ ಎಕ್ಸ್)

ಒಳಗಿನ ಎಫ್ ಕೊಡೋದು ಬಿ, ಹೊರಗಿನ ಎಫ್ ಕೇಳೋದು ಎ. ಎ, ಬಿ ಒಂದೇ ಆಗಿದ್ರೆ ಮಾತ್ರ ನಡೆಯುತ್ತೆ, ಆದ್ರೆ ಸಿಗ್ನೇಚರ್‌ನಲ್ಲಿ "ಕರೆಯೋನು ಯಾವ ಎ ಯಾವ ಬಿ ಬೇಕಾದ್ರೂ ಇಟ್ಕೊಳ್ಳಲಿ" ಅಂತ ಮಾತು ಕೊಟ್ಟಿದ್ದೀರ. ಆ ಆಯ್ಕೆ ಕರೆಯೋನದ್ದು, ಒಳಗೆ ಕೂತು ನೀವು ಎ = ಬಿ ಅಂತ ತೀರ್ಮಾನ ಮಾಡೋ ಹಾಗಿಲ್ಲ, ರಿಜಿಡ್ ಅಂದ್ರೆ ಅದೇ. (ಎ -> ಎ) -> ಎ -> ಎ ಅಂತ ತಿದ್ದಿ. ಏನು ಬರೀಬೇಕು ಅಂತ ಹೊಳೀಲಿಲ್ಲ ಅಂದ್ರೆ ಆ ಸಿಗ್ನೇಚರ್‌ನ ಕಾಮೆಂಟ್ ಮಾಡಿ ಕೋಲನ್ ಟಿ ಕೇಳಿ, ಅದು ಕೊಡೋದನ್ನ ನಿಮ್ಮದರ ಜೊತೆ ಹೋಲಿಸಿ.

ಸಣ್ಣದೊಂದು, ಮ್ಯಾಪ್ (-1) ಪಟ್ಟಿ ಅಂತ ಬರೆದು ಫಂಕ್ಷನ್‌ಗೆ "ನಮ್" (ನಂಬರ್ ಥರ ಲೆಕ್ಕ ಮಾಡೋಕೆ ಬರೋ ಟೈಪ್‌ಗಳ ಗುಂಪು) ಇಲ್ಲ ಅಂತ ಬೈಸಿಕೊಂಡಿದ್ರೆ, (-1) ಅನ್ನೋದು ಒಂದು ಕಳೆಯೋ ಫಂಕ್ಷನ್ ಅಲ್ಲ, ಮೈನಸ್ ಒಂದು ಅನ್ನೋ ನಂಬರ್. (+1) ಸರಿ ಹೋಗುತ್ತೆ, (-1) ಹೋಗಲ್ಲ, ಭಾಷೆಯ ಹಳೇ ಹುಳುಕು. (ಸಬ್‌ಟ್ರಾಕ್ಟ್ 1) ಬಳಸಿ.

ಏನೂ ತೋಚದಿದ್ರೆ ಗುಂಡಿ ತೋಡಿ

2014ರ ಜಿಎಚ್‌ಸಿ 7.8ರಿಂದ ಟೈಪ್ಡ್ ಹೋಲ್ ಅಂತ ಬಂದಿದೆ, ಇಡೀ ಟೂಲ್ ಡಬ್ಬಿಯಲ್ಲಿ ನಾನು ಜಾಸ್ತಿ ಮುಟ್ಟೋದು ಇದನ್ನೇ. ಗೊತ್ತಿಲ್ಲದ ಜಾಗದಲ್ಲಿ ಒಂದು ಅಂಡರ್‌ಸ್ಕೋರ್ ಇಟ್ಟು ಕಂಪೈಲ್ ಮಾಡಿ:

ಸಾಲುಗಳು : [ಸ್ಟ್ರಿಂಗ್]
ಸಾಲುಗಳು = ಜಿಪ್‌ವಿತ್ _ ಹೆಸರುಗಳು ಅಂಕಗಳು

ಹೆಸರುಗಳು ಸ್ಟ್ರಿಂಗ್ ಪಟ್ಟಿ, ಅಂಕಗಳು ಇಂಟ್ ಪಟ್ಟಿ ಆಗಿದ್ರೆ, ಈ ಗುಂಡಿಗೆ ಬೇಕಿರೋದು ಸ್ಟ್ರಿಂಗ್ -> ಇಂಟ್ -> ಸ್ಟ್ರಿಂಗ್ ಅಂತ ಕಂಪೈಲರ್ರೇ ಹೇಳುತ್ತೆ, ಹತ್ತಿರದಲ್ಲಿ ಯಾವ ಯಾವ ಹೆಸರುಗಳಿವೆ ಅವುಗಳ ಟೈಪ್ ಏನು ಅಂತಾನೂ ಪಟ್ಟಿ ಕೊಡುತ್ತೆ. ದೊಡ್ಡ ಲ್ಯಾಂಬ್ಡಾ ಎರರ್ ಕೊಡ್ತಿದ್ರೆ ಅದನ್ನ ತೆಗೆದು ಗುಂಡಿ ಇಡಿ, ಬೇಕಾದ ಟೈಪ್ ನೋಡಿ, ಆ ಟೈಪ್ ಹಾಕಿ ಒಂದು ಬೇರೆ ಹೆಲ್ಪರ್ ಬರೆಯಿರಿ. ಅದೇ ಟೈಪ್‌ನ ಹೂಗಲ್ ಅನ್ನೋ ಹುಡುಕು ಎಂಜಿನ್‌ಗೆ ಹಾಕಿದ್ರೆ ಆ ಆಕಾರದ ಫಂಕ್ಷನ್ ಲೈಬ್ರರಿಯಲ್ಲಿ ಮೊದಲೇ ಇದ್ರೆ ಹೇಳುತ್ತೆ, ಹೆಸರೇ ಗೊತ್ತಿರಬೇಕು ಅಂತಿಲ್ಲ.

ಇಷ್ಟೆಲ್ಲಾ ನೋಡಿದ್ರೂ ಬಾಣದ ಲೆಕ್ಕ ಸರಿ ಇದೆ, ಹಳೇ ಪ್ರಾಜೆಕ್ಟ್, ನಿನ್ನೆವರೆಗೂ ಕಂಪೈಲ್ ಆಗ್ತಿತ್ತು, ಜಿಎಚ್‌ಸಿ ಅಪ್‌ಡೇಟ್ ಮಾಡಿದ ಮೇಲೆ ಕೈ ಕೊಟ್ಟಿದೆ ಅಂದ್ರೆ, ಸಿಗ್ನೇಚರ್ ಒಳಗೆ ಎಲ್ಲಾದ್ರೂ ಫಾರ್‌ಆಲ್ (ಈ ವೇರಿಯಬಲ್ ಯಾವ ಟೈಪ್ ಬೇಕಾದ್ರೂ ಆಗಬಹುದು ಅಂತ ಹೇಳೋ ಪದ) ಇದ್ಯಾ ನೋಡಿ. 2021ರ 9.0ರಿಂದ ಬಾಣದ ಬಲಗಡೆ ಕೂತಿರೋ ಫಾರ್‌ಆಲ್‌ನ ಕಂಪೈಲರ್ ತಾನಾಗೇ ಮುಂದಕ್ಕೆ ಎಳ್ಕೊಳ್ಳೋದು ನಿಲ್ಲಿಸಿದೆ, ಹಾಗಾಗಿ ಮೊದಲು ಬರೀ ಎಫ್ ಅಂತ ಕೊಟ್ಟಿದ್ದ ಕಡೆ ಈಗ \ಎಕ್ಸ್ -> ಎಫ್ ಎಕ್ಸ್ ಅಂತ ಬಿಡಿಸಿ ಬರೀಬೇಕಾಗಬಹುದು. ಓದೋಕೆ ಎರಡೂ ಒಂದೇ ಅನ್ಸುತ್ತೆ, ಇದ್ಯಾಕೆ ಹೀಗೆ ಬರೆದಿದ್ದಾರೆ ಅಂತ ಮುಂದೆ ಯಾರೋ ಬಂದು "ಕ್ಲೀನ್" ಮಾಡಿ ಮತ್ತೆ ಒಡೀತಾರೆ, ಪಕ್ಕದಲ್ಲಿ ಒಂದು ಸಾಲು ಕಾಮೆಂಟ್ ಹಾಕಿಡಿ.